ಬೆಕ್ಕಿಗೆ ಬಹುವಚನ

ನಮ್ಮ ಭಾವನವರಿಗೆ ಐದು ಭಾಷೆ ಬರುತ್ತದೆ. ಕನ್ನಡ, ಇಂಗ್ಲಿಷ್, ಹಿಂದಿ, ಇಳಿಯಬೇಕಾದ ಸ್ಟೇಷನ್ ತಪ್ಪಿಹೋಗದಷ್ಟು ಜಪಾನಿ, ಮತ್ತು ಬೆಕ್ಕು! ಮೊದಲ ನಾಲ್ಕರಲ್ಲಿ ಅವರು ಹೇಳುವುದು ಎದುರಿನವರಿಗೆ ತಿಳಿಯುವುದು ಅಷ್ಟಕ್ಕಷ್ಟೇ. ಐದನೆಯದರಲ್ಲಿ ಮಾತ್ರ ಮಹಾ ಪಂಡಿತರು. "ನಿಜವಾಗ್ಲೂ ಬೆಕ್ಕಿನ ಭಾಷೆ ಮಾತಾಡ್ತೀರಾ ಭಾವ?" ಎಂದು ಕೇಳಿದರೆ ನೊಂದುಕೊಂಡು, "ಮಾತಾಡಲ್ಲ ಕಣಮ್ಮ, ಕೇಳಿಸ್ಕೋತೀನಿ ಅಷ್ಟೆ" ಎನ್ನುತ್ತಾರೆ.

ಈ ಕತೆ ಹೇಳಿ ನಾನು ಎಷ್ಟು ಜನರನ್ನು ನಗಿಸಿದ್ದೇನೋ! ಇಲ್ಲಿ ಟೋಕಿಯೋದ ಕನ್ನಡಿಗರ ಯಾವ ಹಬ್ಬದೂಟಕ್ಕೆ ಹೋದರೂ ಪಾಯಸ ಬರುವಷ್ಟರಲ್ಲಿ ಯಾರಾದರೂ ಕೇಳುತ್ತಾರೆ, "ನಿಮ್ಮ ಭಾವಂದು ಒಂದು ಹೇಳ್ರೀ." ಈಗಲೂ ಹೇಳುತ್ತೇನೆ. ಆದರೆ ಕೊನೆಯ ಭಾಗವನ್ನು ನುಂಗಿಕೊಳ್ಳುತ್ತೇನೆ. ಅದರಲ್ಲಿ ನಗುವಂಥದ್ದು ಏನೂ ಇಲ್ಲ. ಎರಡು ವಾರ ಒಂದು ಜೀವವನ್ನು ನನ್ನ ಕೈಗೆ ಕೊಟ್ಟಿದ್ದರು, ನಾನು ನೋಡಿಕೊಳ್ಳಲಿಲ್ಲ. ಇವತ್ತು ಅದನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಮೈಸೂರಿನವರು. ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿದ್ದಾರೆ, ಅಂದರೆ ಬೇರೆಯವರು ಮಾಡಿದ ಕೆಲಸದಲ್ಲಿ ತಪ್ಪು ಹುಡುಕುವುದಕ್ಕೇ ಅವರಿಗೆ ಸಂಬಳ. ಮನೆಯಲ್ಲಿ ಅದೇ ಕೆಲಸವನ್ನು ಬಿಟ್ಟಿಯಾಗಿ ಮಾಡುತ್ತಾರೆ. ಟೋಕಿಯೋ ಪಕ್ಕದ ಗ್ಯೋಟೋಕುವಿನ ಒಂದು ಅಪಾರ್ಟ್‌ಮೆಂಟಿನಲ್ಲಿ ನಾಲ್ಕನೇ ಮಹಡಿಯಲ್ಲಿ ಅವರಿಬ್ಬರು, ಎರಡನೇ ಮಹಡಿಯಲ್ಲಿ ಒಬ್ಬಳೇ ನಾನು. ನಡುವಿನ ಮೂರನೇ ಮಹಡಿಯವರು ಎಷ್ಟು ಸಭ್ಯರೆಂದರೆ, ಅಕ್ಕ ಮೇಲಿನಿಂದ ನನ್ನನ್ನು ಕೂಗಿ ಕರೆದಾಗ ತಾವೇ ಕಿಟಕಿ ಮುಚ್ಚಿಕೊಳ್ಳುತ್ತಾರೆ.

ಎಲ್ಲ ಶುರುವಾದದ್ದು ಕೆಳಗಿನ ಸೈಕಲ್ ನಿಲ್ದಾಣದಲ್ಲಿ. ಅಲ್ಲಿ ಭಾವನ ಸೈಕಲ್ ಸೀಟಿನ ಮೇಲೆ ಒಂದು ಮೂರು ಬಣ್ಣದ ಬೆಕ್ಕು ದಿನಾ ಸಂಜೆ ಬಂದು ಕೂರುತ್ತಿತ್ತು. ಬೇರೆ ಯಾರಾದರೂ ಶೂ ಶೂ ಎಂದು ಓಡಿಸುತ್ತಿದ್ದರು, ಇಲ್ಲವೇ ಮುದ್ದು ಮಾಡುತ್ತಿದ್ದರು. ಭಾವ ಎರಡೂ ಮಾಡಲಿಲ್ಲ. ಆರಡಿ ದೂರದಲ್ಲಿ ಪಕ್ಕಕ್ಕೆ ತಿರುಗಿ ನಿಂತು, ಬೇರೆಲ್ಲೋ ನೋಡುತ್ತ, ಆಗಾಗ ನಿಧಾನವಾಗಿ ಕಣ್ಣು ಮುಚ್ಚಿ ತೆರೆಯುತ್ತಿದ್ದರು. ನೇರ ದಿಟ್ಟಿಸಿದರೆ ಬೆಕ್ಕಿಗೆ ಅದು ಜಗಳಕ್ಕೆ ಕರೆದಂತೆ, ನಿಧಾನ ಕಣ್ಣು ಮುಚ್ಚಿದರೆ 'ನನ್ನಿಂದ ನಿನಗೆ ಅಪಾಯವಿಲ್ಲ' ಎಂದಂತೆ. ಇದು ಅವರ ಮೊದಲ ಪಾಠ. ಹೀಗೆ ಹನ್ನೊಂದು ಸಂಜೆ!

ಹನ್ನೆರಡನೆಯ ಸಂಜೆ ಪೊಲೀಸ್ ಬಂದ. ಪಾಪ, ಬರದೇ ಏನು ಮಾಡಿಯಾನು? ವಿದೇಶಿ ಮನುಷ್ಯನೊಬ್ಬ ಪ್ರತಿದಿನ ಸೈಕಲ್‌ಗಳ ಮಧ್ಯೆ ಸುಮ್ಮನೆ ನಿಂತು ಕಣ್ಣು ಮುಚ್ಚಿ ತೆಗೆದು ಮಾಡುತ್ತಿದ್ದರೆ ಯಾರಿಗಾದರೂ ಅನುಮಾನ ಬರುವುದಿಲ್ಲವೇ? ಭಾವ ಕೈ ಜೋಡಿಸಿ ಕ್ಷಮೆ ಕೇಳುತ್ತ, "ಸುಮಿಮಾಸೆನ್, ನೆಕೋ, ನೆಕೋ" ಎಂದು ಬೆಕ್ಕನ್ನು ತೋರಿಸಿದರು. ಪೊಲೀಸ್ ಬೆಕ್ಕನ್ನು ನೋಡಿದ, ಭಾವನನ್ನು ನೋಡಿದ, ಟೋಪಿ ತೆಗೆದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. ನಾನು ಆಫೀಸಿನಿಂದ ಬಂದು ನೋಡಿದರೆ ಇಬ್ಬರೂ ಬೆಕ್ಕಿನೆದುರು ಕಣ್ಣು ಮುಚ್ಚಿ ತೆರೆಯುತ್ತಿದ್ದರು.

ಹದಿನೈದನೆಯ ದಿನ ಬೆಕ್ಕು ತಾನೇ ಇಳಿದು ಬಂದು ಭಾವನ ಪ್ಯಾಂಟಿಗೆ ಕೆನ್ನೆ ಉಜ್ಜಿತು. ಆಗ ಅವರು ಹತ್ತಿರದಿಂದ ನೋಡಿದರು, ಬೆಕ್ಕಿನ ಒಂದು ಕಿವಿಯ ತುದಿ ಇರಲಿಲ್ಲ! ಯಾವುದೋ ಗಂಡುಬೆಕ್ಕು ಕಚ್ಚಿರಬೇಕೆಂದು ಮರುಗಿದ ಭಾವ, ಮೈಸೂರಿನವರು ಗಾಯ ಕಂಡರೆ ಏನು ಮಾಡುತ್ತಾರೋ ಅದನ್ನೇ ಮಾಡಿದರು. ಅರಿಸಿನ ಹಚ್ಚಿದರು. ಒಂದು ದಿನವಲ್ಲ, ಒಂದು ವಾರ.

ನಮ್ಮ ಬೀದಿಯಲ್ಲಿ ಮನೆಯಿಂದ ಮನೆಗೆ ಸುತ್ತುವ ಒಂದು ಸುತ್ತೋಲೆ ಹಲಗೆಯಿದೆ. ಕಸದ ದಿನ, ಭೂಕಂಪದ ತಾಲೀಮು, ಇಂಥವನ್ನು ಅದರಲ್ಲಿ ಸಿಕ್ಕಿಸಿ ಕಳಿಸುತ್ತಾರೆ. ಓದಿ, ಸಹಿ ಹಾಕಿ, ಪಕ್ಕದ ಮನೆಗೆ ದಾಟಿಸಬೇಕು. ಆ ವಾರದ ಹಲಗೆಯಲ್ಲಿ ಒಂದು ಹೊಸ ಸೂಚನೆ: 'ಯಾರೋ ನಮ್ಮ ಬಡಾವಣೆಯ ಬೆಕ್ಕಿನ ಕಿವಿಗೆ ಹಳದಿ ಬಣ್ಣ ಬಳಿಯುತ್ತಿದ್ದಾರೆ. ದಯವಿಟ್ಟು ಎಚ್ಚರದಿಂದಿರಿ.' ಭಾವ ಅದನ್ನು ಅರ್ಧಂಬರ್ಧ ಓದಿ, "ಎಂಥಾ ಜನ ಇರ್ತಾರಪ್ಪ!" ಎಂದು ನಿಟ್ಟುಸಿರಿಟ್ಟು ಸಹಿ ಹಾಕಿದರು!

ಒಂದನೇ ಮಹಡಿಯ ಓಕಾ ಸಾನ್ ಭಾವನನ್ನು ಅರಿಸಿನದ ಕೈಯಲ್ಲೇ ಹಿಡಿದದ್ದು ಅದರ ಮರುದಿನ. ಓಕಾ ಸಾನ್, ಅಂದರೆ ಓಕಾ ಅವರು, ಎಪ್ಪತ್ತು ದಾಟಿದ ಹೆಂಗಸು. ಬೀದಿಯ ಬೆಕ್ಕುಗಳನ್ನು ಹಿಡಿದು, ಮರಿಯಾಗದಂತೆ ಆಪರೇಷನ್ ಮಾಡಿಸಿ, ಗುರುತಿಗೆಂದು ಕಿವಿಯ ತುದಿ ತೆಗೆಸಿ ಮತ್ತೆ ಬೀದಿಗೆ ಬಿಡುವವರೇ ಅವರು. ಡಾಕ್ಟರು ಎಂದೋ ನೀಟಾಗಿ ಕತ್ತರಿಸಿದ ಕಿವಿಗೆ ಭಾವ ಅರಿಸಿನ ಮೆತ್ತುತ್ತಿದ್ದರು. ನಾನೇ ದುಭಾಷಿ. ಭಾವ ಮೂರು ಸಲ ಬಗ್ಗಿ ಕ್ಷಮೆ ಕೇಳಿದರು. ಓಕಾ ಸಾನ್ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಿದ್ದೇ ನಕ್ಕಿದ್ದು. ಆಮೇಲೆ ಬೆಕ್ಕಿಗೆ ವಯಸ್ಸಾಗಿ, ಹೊರಗಿನ ಚಳಿ ತಡೆಯದೆಂದು ಅನ್ನಿಸಿದಾಗ ಅವರೇ ನಾಲ್ಕನೇ ಮಹಡಿಗೆ ಎತ್ತಿಕೊಂಡು ಬಂದು ಭಾವನ ಕೈಗೆ ಕೊಟ್ಟರು. "ನಿಮ್ಮನ್ನೇ ಆರಿಸಿಕೊಂಡಿದೆ" ಎಂದರು.

ಭಾವ ಬೆಕ್ಕಿಗೆ ಗಿರಿಜಾ ಎಂದು ಹೆಸರಿಟ್ಟರು. ಊರಿಗೆ ತಕ್ಕ ಮರ್ಯಾದೆಯಿರಲಿ ಎಂದು ಗಿರಿಜಾ ಸಾನ್. ಮಾತೆಲ್ಲ ಬಹುವಚನದಲ್ಲೇ! "ಅವ್ರಿಗೆ ಈಗ ಮೂಡಿಲ್ಲ", "ಅವ್ರು ಬಾಲ್ಕನಿಗೆ ಹೋಗ್ಬೇಕಂತೆ." ಅಕ್ಕ ನನ್ನ ಹತ್ತಿರ ಬಂದು ಗೊಣಗುತ್ತಿದ್ದಳು, "ಹತ್ತೊಂಬತ್ತು ವರ್ಷದಿಂದ ನನ್ನನ್ನ 'ಲೇ' ಅಂತಾರೆ, ಬೆಕ್ಕಿಗೆ ಬಹುವಚನ ಕಣೇ!"

ಊಟದ ಪ್ರಶ್ನೆ ಬಂತು. ಮೊದಲ ದಿನ ಭಾವ ಬೆಳ್ಳಿ ಬಟ್ಟಲಲ್ಲಿ ಮೊಸರನ್ನ ಇಟ್ಟರು. ಗಿರಿಜಾ ಸಾನ್ ಮೂಸಿ ನೋಡಿ, ಮುಂಗಾಲಿನಿಂದ ನೆಲ ಕೆರೆದು, ಬಟ್ಟಲಿನ ಮೇಲೆ ಇಲ್ಲದ ಮಣ್ಣನ್ನು ಎಳೆದು ಮುಚ್ಚಿತು.

"ಏನಂತೆ?" ಎಂದಳು ಅಕ್ಕ.

"ಏನಿಲ್ಲ, ಬಿಡು."

"ಹೇಳ್ರೀ, ಐದು ಭಾಷೆ ಪಂಡಿತರು ನೀವು!"

"ಗಲೀಜು ಮಾಡಿದ್ಮೇಲೆ ಹಾಗೆ ಮುಚ್ತಾರೆ. ನಿನ್ನ ಮೊಸರನ್ನದ ಬಗ್ಗೆ ಅವ್ರ ಅಭಿಪ್ರಾಯ ಅದು."

ಅಂದಿನಿಂದ ಮೀನು ತರುವುದು ಭಾವನ ಪಾಲಿಗೆ ಬಂತು. ನೆನಪಿರಲಿ, ಹತ್ತು ವರ್ಷದಿಂದ ಈ ಮನುಷ್ಯ ಬೀದಿ ಮೂಲೆಯ ಕೊಂಬಿನಿ ಅಂಗಡಿಯಲ್ಲಿ ಒಂದು ಅನ್ನದುಂಡೆ ಕೊಳ್ಳಬೇಕಾದರೂ, "ಸುಮಿಮಾಸೆನ್, ಇದರಲ್ಲಿ ಮೀನಿನ ಪುಡಿ ಇದೆಯೇ? ಮೀನಿನ ಸಾರು? ಮೀನಿನ ವಾಸನೆ?" ಎಂದು ವಿಚಾರಣೆ ನಡೆಸಿದವರು. ಅಂಗಡಿಯ ಹುಡುಗಿಗೆ ಇವರ ಮಡಿ ಬಾಯಿಪಾಠ. ಇವರು ಒಣಮೀನಿನ ಪೊಟ್ಟಣ ತಂದಿಟ್ಟಾಗ ಅವಳು ಗಾಬರಿಯಾಗಿ, "ಇದರಲ್ಲಿ ಮೀನಿದೆ, ಪರವಾಗಿಲ್ಲವೇ?" ಎಂದು ಕೇಳಿದಳು. ಭಾವ ಎದೆಯುಬ್ಬಿಸಿ, "ಮೀನು ಬಿಟ್ಟು ಬೇರೆ ಏನೂ ಇಲ್ವಲ್ಲ?" ಎಂದರು!

ನನಗೂ ಪಾಠಗಳಾದವು. ಒಂದು ದಿನ ಗಿರಿಜಾ ಸಾನ್ ನನ್ನೆದುರು ಅಂಗಾತ ಬಿದ್ದು ಹೊಟ್ಟೆ ತೋರಿಸಿತು. ನಾನು ಪ್ರೀತಿಯಿಂದ ಕೈಯಿಟ್ಟೆ. ಮೊಣಕೈವರೆಗೆ ನಾಲ್ಕು ಗೆರೆ! "ಹೊಟ್ಟೆ ತೋರಿಸೋದು ನಂಬಿಕೆ ಕಣಮ್ಮ, ಪರ್ಮಿಷನ್ ಅಲ್ಲ" ಎಂದು ಭಾವ ಡೆಟಾಲ್ ಹಚ್ಚಿದರು. ಬೆಕ್ಕಿಗೆ ಅರಿಸಿನ, ನನಗೆ ಡೆಟಾಲ್.

ಇಷ್ಟಕ್ಕೇ ನಿಂತಿದ್ದರೆ ಸರಿ. ಅವರು ಈ ವಿದ್ಯೆಯನ್ನು ಆಫೀಸಿಗೂ ಒಯ್ದರು. ಒಂದು ಮೀಟಿಂಗಿನಲ್ಲಿ ಕ್ಲೈಂಟ್ ಕಡೆಯ ದೊಡ್ಡ ಮನುಷ್ಯ ಎಲ್ಲದಕ್ಕೂ "ಹಾಯ್, ಹಾಯ್" ಎಂದರಂತೆ. ಹಾಯ್ ಎಂದರೆ ಹೌದು. ಬೆಂಗಳೂರಿನ ತಂಡ ಕುಣಿದಾಡಿತು. ಭಾವ ಮಾತ್ರ, "ಬಾಯಲ್ಲಿ ಹಾಯ್ ಅಂದ್ರು. ಮೇಜಿನ ಕೆಳಗೆ ಕಾಲ್ಬೆರಳು ಟಪ ಟಪ ಆಡ್ತಿತ್ತು. ಬಾಲದ ತುದಿ ಆಡೋದು ಅಂದ್ರೆ ಅದೇ. ಒಪ್ಪಿಲ್ಲ ಅವ್ರು" ಎಂದು ಕೆಲಸ ನಿಲ್ಲಿಸಿದರು. ಎಲ್ಲರೂ ಬೈದರು. ವಾರದ ನಂತರ ಕ್ಲೈಂಟಿನಿಂದ ಬಹಳ ವಿನಯದ ಒಂದು ಮೇಲ್ ಬಂತು, ಒಪ್ಪಿಲ್ಲ ಎಂದು. ಈ ಪ್ರಸಂಗ ಹೇಳಿ ಭಾವ ಬೀಗುತ್ತಿದ್ದರೆ ಅಕ್ಕ, "ನನ್ನ ಬಾಲಾನೂ ಒಂದ್ಸಲ ನೋಡಿ, ಬೆಳಿಗ್ಗೆಯಿಂದ ಆಡ್ತಿದೆ" ಎಂದಳು.

ಕಳೆದ ವರ್ಷ ಭಾವನ ತಂದೆಯ ತಿಥಿಗೆಂದು ಅಕ್ಕ ಭಾವ ಎರಡು ವಾರ ಮೈಸೂರಿಗೆ ಹೋಗಬೇಕಾಯಿತು. ಗಿರಿಜಾ ಸಾನ್ ನನ್ನ ಪಾಲಿಗೆ. ಬೆಳಿಗ್ಗೆ, ಸಂಜೆ ಮೇಲೆ ಹೋಗಿ ಊಟ ಹಾಕಿ, ಸ್ವಲ್ಪ ಹೊತ್ತು ಜೊತೆಗಿರಬೇಕು. ಭಾವ ಮುಂಚಿನ ದಿನ ಒಂಬತ್ತು ಹಾಳೆಗಳನ್ನು ತಂದುಕೊಟ್ಟರು. ಲ್ಯಾಮಿನೇಟ್ ಮಾಡಿಸಿದ ಹಾಳೆಗಳು! ಬಾಲ ಹೀಗಿದ್ದರೆ ಇದರ್ಥ, ಕಿವಿ ಹಾಗಿದ್ದರೆ ಅದರ್ಥ, ನೀನು ಏನು ಮಾಡಬೇಕು, ಎಲ್ಲ ಕೋಷ್ಟಕದಲ್ಲಿ.

"ಓದ್ತೀಯಲ್ಲ?" ಎಂದರು.

"ಪರೀಕ್ಷೆಗೆ ಬರತ್ತಾ ಭಾವ?" ಎಂದೆ.

ಅವರು ನಗಲಿಲ್ಲ. "ವಯಸ್ಸಾಗಿದೆ ಅವ್ರಿಗೆ. ಬಾಯಿಬಿಟ್ಟು ಹೇಳಲ್ಲ. ನೋಡ್ಬೇಕು, ಅಷ್ಟೆ" ಎಂದರು.

ನಾನು ಓದಲಿಲ್ಲ. ಹಾಳೆಗಳು ನನ್ನ ಮನೆಯ ಅಡುಗೆ ಕಟ್ಟೆಯ ಮೇಲೆ ಬಿದ್ದಿದ್ದವು. ಬಿಸಿ ಕುಕ್ಕರ್ ಇಡುವುದಕ್ಕೆ ಲ್ಯಾಮಿನೇಟ್ ಮಾಡಿದ ಹಾಳೆಗಿಂತ ಅನುಕೂಲ ಯಾವುದಿದೆ? ಆಗ ಅದನ್ನೂ ಒಂದು ಜೋಕ್ ಎಂದೇ ಅಂದುಕೊಂಡಿದ್ದೆ. ಫೋಟೋ ತೆಗೆದು ಗೆಳತಿಯರಿಗೆ ಕಳಿಸಿಯೂ ಇದ್ದೆ.

ಮೂರು ದಿನ ಎಲ್ಲ ಸರಿಯಿತ್ತು. ನಾಲ್ಕನೆಯ ದಿನ ಬಟ್ಟಲಲ್ಲಿ ಅರ್ಧ ಊಟ ಉಳಿದಿತ್ತು. ಭಾವನಿಲ್ಲದ್ದಕ್ಕೆ ಮುನಿಸು ಎಂದುಕೊಂಡೆ. ಐದನೆಯ ಸಂಜೆ ಬೆಕ್ಕು ಹಾಸಿಗೆ ಮಡಿಚಿಡುವ ಕಪಾಟಿನೊಳಗೆ, ಕತ್ತಲ ಮೂಲೆಯಲ್ಲಿ ಮುದುರಿ ಕೂತಿತ್ತು. ನಾನು ಹತ್ತಿರ ಹೋದಾಗ ಗುರ್‌ಗುರ್ ಎಂದು ಸದ್ದು ಮಾಡತೊಡಗಿತು. ನಿಲ್ಲಿಸಲೇ ಇಲ್ಲ. ನನಗಾದ ಸಂತೋಷ ಅಷ್ಟಿಷ್ಟಲ್ಲ! ಕೊನೆಗೂ ನನ್ನನ್ನು ಒಪ್ಪಿಕೊಂಡಿತು! ಕೂಡಲೇ ಭಾವನಿಗೆ ಮೆಸೇಜ್ ಮಾಡಿದೆ: "ಗಿರಿಜಾ ಸಾನ್ ಸೂಪರ್ ಹ್ಯಾಪಿ. ನಾನ್‌ಸ್ಟಾಪ್ ಗುರ್‌ಗುರ್!"

ಅರ್ಧ ನಿಮಿಷದಲ್ಲಿ ಉತ್ತರ ಬಂತು: "ಎಲ್ಲಿ ಕೂತಿದಾರೆ?"

ನೋಡಿದೆ. 'ಶುರುವಾಯ್ತಪ್ಪ ಇವರದು' ಎಂದುಕೊಂಡು ಫೋನನ್ನು ಬೋರಲು ಹಾಕಿದೆ. ಎರಡೇ ಪದದ ಉತ್ತರ ಸಾಕಿತ್ತು. 'ಕಪಾಟಿನ ಒಳಗೆ' ಎಂದು.

ಮರುದಿನ ಬೆಳಿಗ್ಗೆ ನಾನು ಮೇಲೆ ಹೋಗಲಿಲ್ಲ. ಆಫೀಸಿನಲ್ಲಿ ತುರ್ತು ಕೆಲಸವಿತ್ತು, ಬಟ್ಟಲಲ್ಲಿ ಹೇಗೂ ಊಟ ಉಳಿದಿರುತ್ತದೆ ಎಂದುಕೊಂಡೆ. ತೋಝಾಯ್ ಲೈನಿನ ಜನದಟ್ಟಣೆಯಲ್ಲಿ ಒಂಟಿಕಾಲಲ್ಲಿ ನಿಂತಿದ್ದಾಗ ಭಾವನ ಫೋನ್. ಮೈಸೂರಿನಲ್ಲಿ ಇನ್ನೂ ಬೆಳಗಾಗಿರಲಿಲ್ಲ. ಈ ದೇಶದಲ್ಲಿ ರೈಲಿನೊಳಗೆ ಯಾರೂ ಫೋನಿನಲ್ಲಿ ಮಾತಾಡುವುದಿಲ್ಲ, ಅದು ದೊಡ್ಡ ಅಸಭ್ಯತನ. ಕಟ್ ಮಾಡಿ, 'ಟ್ರೇನಲ್ಲಿದೀನಿ ಭಾವ, ಎಲ್ಲಾ ಓಕೆ' ಎಂದು ಒತ್ತಿದೆ. ಇಳಿದ ಮೇಲೆ ಮಾಡಬಹುದಿತ್ತು. ಮಾಡಲಿಲ್ಲ. ಮಧ್ಯಾಹ್ನ ಮತ್ತೆರಡು ಸಲ ಬಂತು, ಆಗ ಮೀಟಿಂಗಿನಲ್ಲಿದ್ದೆ. ಬೇಡದ ಮಾತನ್ನು ತಪ್ಪಿಸಿಕೊಳ್ಳಲು ಮರ್ಯಾದೆಗಿಂತ ಒಳ್ಳೆಯ ನೆಪ ಇನ್ನೊಂದಿಲ್ಲ.

ಸಂಜೆ ಆರಕ್ಕೆ ಹೋಗಿ ನೋಡಿದರೆ ಬಟ್ಟಲು ಹಾಗೇ ಇತ್ತು, ನೀರೂ ಹಾಗೇ ಇತ್ತು. ಬೆಕ್ಕು ಅದೇ ಮೂಲೆಯಲ್ಲಿ, ಅದೇ ಭಂಗಿಯಲ್ಲಿತ್ತು. ಗುರ್‌ಗುರ್ ಸದ್ದು ಮಾತ್ರ ಸಣ್ಣಗೆ ಆಗಿತ್ತು. ಮುಟ್ಟಿದರೆ ತಲೆಯೆತ್ತಲಿಲ್ಲ. ಎರಡು ಮಹಡಿ ಓಡಿ ಇಳಿದು, ಕುಕ್ಕರ್ ಎತ್ತಿಟ್ಟು ಹಾಳೆ ನೋಡಿದೆ. ಮೂರನೆಯ ಹಾಳೆ. ಬಿಸಿಗೆ ಉಬ್ಬಿ ದುಂಡಗೆ ಗುರುತು ಬಿದ್ದಿತ್ತು, ಅಕ್ಷರ ಮಾತ್ರ ಸ್ಪಷ್ಟವಾಗಿತ್ತು: 'ಕತ್ತಲ ಮೂಲೆ ಸೇರಿ, ಮೈ ಮುದುರಿ, ಗುರ್‌ಗುರ್ ಎನ್ನುತ್ತಿದ್ದರೆ ಅದು ಸುಖವಲ್ಲ, ನೋವು. ತಮ್ಮನ್ನು ತಾವೇ ಸಮಾಧಾನ ಮಾಡಿಕೊಳ್ಳುತ್ತಿದ್ದಾರೆ. ಆ ಕ್ಷಣವೇ ನನಗೆ ಫೋನ್ ಮಾಡು.'

ಮಾಡಿದೆ. ಒಂದು ರಿಂಗ್ ಕೂಡ ಪೂರ್ತಿಯಾಗಲಿಲ್ಲ.

"ಎಲ್ಲಿ ಕೂತಿದಾರೆ?"

"ಕಪಾಟಲ್ಲಿ ಭಾವ."

"ಯಾವಾಗಿಂದ?"

"ಇವತ್ತು... ಇವತ್ತಿಂದ."

ಹೀಗೆ ನಾನು ಸುಳ್ಳೂ ಹೇಳಿದೆ. ಓಕಾ ಸಾನ್ ತಮ್ಮ ಸೈಕಲ್ ಬುಟ್ಟಿಯಲ್ಲಿ ಬೆಕ್ಕನ್ನು ಕೂರಿಸಿಕೊಂಡು ಮುಂದೆ, ನಾನು ಹಿಂದೆ ಓಡುತ್ತ, ಪ್ರಾಣಿವೈದ್ಯರ ಬಳಿ ಹೋದೆವು. ಕಿಡ್ನಿ ಕೈಕೊಟ್ಟಿತ್ತು. ವೈದ್ಯರು ಆ ರಾತ್ರಿ ತಮ್ಮಲ್ಲೇ ಇರಿಸಿಕೊಂಡರು. ನನ್ನ ಮುಖ ನೋಡಿ, "ಬೆಕ್ಕುಗಳು ನೋವನ್ನು ಬಚ್ಚಿಡುತ್ತವೆ. ಯಾರಿಗೂ ಗೊತ್ತಾಗುವುದಿಲ್ಲ. ನಿಮ್ಮದೇನೂ ತಪ್ಪಿಲ್ಲ" ಎಂದು ಸಮಾಧಾನ ಹೇಳಿದರು. ನಾನು ತಲೆತಗ್ಗಿಸಿ "ಅರಿಗಾತೋ" ಎಂದು ಥ್ಯಾಂಕ್ಸ್ ಹೇಳಿದೆ. ಬಚ್ಚಿಟ್ಟಿರಲಿಲ್ಲ. ನನಗೆ ಹೇಳಿತ್ತು, ಒಂದಿಡೀ ಸಂಜೆ ಹೇಳಿತ್ತು.

ಮರುದಿನ ಬೆಳಿಗ್ಗೆ ವೈದ್ಯರು ಕರೆಸಿದರು. ವಿಡಿಯೋ ಕಾಲ್ ಮಾಡಿ ಫೋನನ್ನು ಬೆಕ್ಕಿನ ತಲೆಯ ಬಳಿ ಹಿಡಿದೆ. ತಿಥಿಯ ದಿನ, ಭಾವ ಒದ್ದೆ ಪಂಚೆಯಲ್ಲಿದ್ದರು. "ಗಿರಿಜಾ ಸಾನ್, ನಾನು ಕಣ್ರೀ" ಎಂದರು. ಬೆಕ್ಕಿಗೆ ತಲೆಯೆತ್ತಲು ಆಗಲಿಲ್ಲ. ಕಿವಿ ಮಾತ್ರ ಫೋನಿನ ಕಡೆ ತಿರುಗಿತು. ಅರ್ಧ ಗಂಟೆಯ ಮೇಲೆ ಎಲ್ಲ ಮುಗಿಯಿತು.

ಅಕ್ಕ ಭಾವ ಬರುವವರೆಗೆ ನಾನು ಹೇಗಿದ್ದೆನೋ. ಅನ್ನ ಸೇರಲಿಲ್ಲ. ಆಫೀಸಿಗೆ ರಜ ಹಾಕಿದೆ. ಬಂದ ದಿನವೇ ಭಾವ ಬೀಗದ ಕೈ ವಾಪಸ್ಸು ತೆಗೆದುಕೊಳ್ಳಲು ನನ್ನ ಮನೆಗೆ ಬಂದರು. ಹಾಳೆಗಳು ಕಟ್ಟೆಯ ಮೇಲೇ ಇದ್ದವು. ಮೂರನೆಯದನ್ನು ಕೈಗೆತ್ತಿಕೊಂಡು ಆ ದುಂಡು ಗುರುತನ್ನು ನೋಡಿದರು. ಇನ್ನೊಬ್ಬರ ತಪ್ಪು ಹುಡುಕುವುದೇ ಕಸುಬಾದ ಮನುಷ್ಯ!

"ನಾವು ಹೊರಟ ದಿನ ಬೆಳಿಗ್ಗೇನೇ ಅವ್ರು ಕಪಾಟು ಸೇರಿದ್ರು ಕಣಮ್ಮ" ಎಂದರು ಭಾವ. "ಗುರ್‌ಗುರ್ ಅಂತಿದ್ರು. ನಾನು ನೋಡ್ದೆ. ಟಿಕೆಟ್ ಆಗಿತ್ತು, ಅಪ್ಪನ ತಿಥಿ ಬೇರೆ. ನೋಡಿಯೂ ಹೊರಟುಬಿಟ್ಟೆ. ಆಗ್ಲೇ ಲೇಟಾಗಿತ್ತು, ನೀನೇನ್ ಮಾಡಕ್ಕಾಗ್ತಿತ್ತು? ತಪ್ಪು ನಂದು."

ಹಾಳೆಗಳನ್ನು ಜೋಡಿಸಿಕೊಂಡು ಹೊರಟುಹೋದರು. ಅಂದು ನಾನು ಹೊಟ್ಟೆ ತುಂಬ ಉಂಡೆ. ನಾಚಿಕೆಗೇಡಿನ ಮಾತು, ಆದರೂ ಹೇಳುತ್ತೇನೆ: ಒಂದು ತಿಂಗಳು ನೆಮ್ಮದಿಯಾಗಿದ್ದೆ. ಒಳಗೊಳಗೇ ಅವರ ಮೇಲೆ ಸಿಟ್ಟೂ ಬಂದಿತ್ತು. ಇಷ್ಟೆಲ್ಲ ಪಂಡಿತರು, ಗೊತ್ತಿದ್ದೂ ಬಿಟ್ಟು ಹೋದರಲ್ಲ ಎಂದು!

ಒಂದು ಭಾನುವಾರ ಮೇಲೆ ಅಕ್ಕನ ಜೊತೆ ಬಟಾಣಿ ಸುಲಿಯುತ್ತಿದ್ದೆ. ಅವಳು ಏನೋ ನೆನೆಸಿಕೊಂಡು ತಾನೇ ನಕ್ಕಳು.

"ಹೊರಡೋ ದಿನ ಬೆಳಿಗ್ಗೆ ಎಷ್ಟು ಆಟ ಆಡಿಸ್ತು ಗೊತ್ತಾ? ಸೂಟ್‌ಕೇಸ್ ಒಳಗೆ ಕೂತು, ಇವ್ರು ಮಡಿಚಿಟ್ಟ ಷರ್ಟೆಲ್ಲಾ ಎಳೆದು ಹಾಕ್ತಿತ್ತು. ಆಮೇಲೆ ಬಾಲ ನೆಟ್ಟಗೆ ಮಾಡ್ಕೊಂಡು ಬಾಗ್ಲ ತನಕ ಬಂತು ಕಣೇ. ಪಾಪ, ಎಷ್ಟು ಚೆನ್ನಾಗಿತ್ತು."

ನನ್ನ ಕೈ ನಿಂತಿತು. ಎದ್ದು ಒಳಗೆ ಹೋದೆ. ಭಾವ ಕಿಟಕಿಯ ಬಳಿ ಕೂತಿದ್ದರು.

"ಭಾವ, ಅವತ್ತು ಫೋನಲ್ಲಿ ನಾನು ಸುಳ್ಳು ಹೇಳ್ದೆ. ಮುಂಚಿನ ದಿನದಿಂದ್ಲೇ ಕಪಾಟಲ್ಲಿದ್ರು. ನೀವು ಕೇಳಿದ್ದು ನೋಡಿದ್ದೆ, ಉತ್ತರ ಕೊಡ್ಲಿಲ್ಲ."

"ಗೊತ್ತು ಕಣಮ್ಮ."

"ಮತ್ತೆ ನೀವ್ಯಾಕೆ ಹಾಗ್ ಹೇಳಿದ್ರಿ?"

ಅವರು ಕಿಟಕಿಯ ಆಚೆ ನೋಡುತ್ತ ಹೇಳಿದರು.

"ನೀನು ಒಂದು ವಾರದಿಂದ ಸರಿಯಾಗಿ ಊಟ ಮಾಡ್ತಿಲ್ಲ ಅಂತ ಓಕಾ ಸಾನ್ ಹೇಳಿದ್ರು. ಬಾಗ್ಲು ಹಾಕ್ಕೊಂಡು ಒಳಗೇ ಇರ್ತಾಳೆ ಅಂದ್ರು. ಒಬ್ರು ಹೋದ್ರಲ್ಲ, ಸಾಕು ಅನ್ನಿಸ್ತು."

ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತೆ. ಆಚೆ ಕೋಣೆಯಿಂದ ಅಕ್ಕ, "ಏನಾಯ್ತೇ?" ಎಂದು ಕೂಗಿದಳು. "ಏನಿಲ್ಲ, ನೀನು ಬಟಾಣಿ ನೋಡ್ಕೋ" ಎಂದರು ಭಾವ.